ಕಾಡಿನಾಚೆಯ ಪೆಮ್ಮವೀರಪ್ಪ

ಅಂತರಸಂತೆ,
ಹೆಗ್ಗಡದೇವನಕೋಟೆ ತಾಲ್ಲೂಕು

ಪ್ರೀತಿಯ ಅಕ್ಕ,

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಹ್ಯಾಂಡ್‌ಪೋಸ್ಟ್ ದಾಟಿ ಮುಂದೆ ಬಂದರೆ ಈ ಊರು. ಎರಡೂ ಕಡೆ ಹತ್ತಿ, ರಾಗಿ, ಶುಂಠಿಯ ಹೊಲ. ಅದು ಮುಗಿದಲ್ಲಿಂದ ಕಾಕನಕೋಟೆಯ ಕಾಡು. ಸಂಜೆಯಾದರೆ ಬಾವಲಿ ಕಡೆಯ ದಾರಿ ಮುಚ್ಚುತ್ತಾರೆ, ಹಾಗಾಗಿ ಇಲ್ಲೇ ಉಳಿದೆವು. ಜೊತೆಗೆ ಬಂದವರು ಆನೆ, ಹುಲಿಯ ಮಾತಾಡುತ್ತಿದ್ದಾರೆ. ನನ್ನ ಮನಸ್ಸೆಲ್ಲ ಈ ಕಾಡಿನ ಪಡುವಣ ಅಂಚಿನಲ್ಲಿ, ಕೊಡಗಿನ ಕಿಗ್ಗಟ್ಟುನಾಡಿನಲ್ಲಿ, ಎಂಟೂವರೆ ಶತಮಾನಗಳ ಹಿಂದೆ ದಂಡು ಕಟ್ಟಿ ನಿಂತ ಒಬ್ಬ ಅರಸುಮಗನ ಮೇಲಿದೆ. ಹೆಸರು ಪೆಮ್ಮವೀರಪ್ಪ. ಚಂಗಾಳ್ವರ ಮನೆತನದವನು.

ಚಂಗಾಳ್ವರೆಂದರೆ ಹುಣಸೂರು, ಪಿರಿಯಾಪಟ್ಟಣ, ಕೊಡಗಿನ ಅಂಚು ಸೇರಿದ ಚಂಗನಾಡಿನ ಒಡೆಯರು. ಚೋಳರು ಬಂದಾಗ ಅವರಿಗೆ ತಲೆಬಾಗಿ, ಅವರ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು. ಹನಸೋಗೆಯ ಬಸದಿಗಳನ್ನು ಕಾಪಾಡಿದ ಅರಸನ ಪೂರ್ತಿ ಹೆಸರು ರಾಜೇಂದ್ರಚೋಳ ನನ್ನಿ ಚಂಗಾಳ್ವ. ಹೊಯ್ಸಳರಿಗೆ ಮಾತ್ರ ಅವರು ಅಷ್ಟು ಸುಲಭವಾಗಿ ಬಗ್ಗಲಿಲ್ಲ. 1145ರಲ್ಲಿ ಒಂದನೆಯ ನರಸಿಂಹ ಒಬ್ಬ ಚಂಗಾಳ್ವನನ್ನು ಯುದ್ಧದಲ್ಲಿ ಕೊಂದು ಆನೆ, ಕುದುರೆ, ಚಿನ್ನ ಎಲ್ಲವನ್ನೂ ಹೊತ್ತುಕೊಂಡು ಹೋದ. ಅಷ್ಟಾದರೂ ಮನೆತನ ಅಳಿಯಲಿಲ್ಲ. 1174ರಲ್ಲಿ ಇಮ್ಮಡಿ ಬಲ್ಲಾಳ ತನ್ನ ದಂಡನಾಯಕ ಬೆಟ್ಟರಸನ ಕೈಯಲ್ಲಿ ಮತ್ತೆ ದಂಡು ಕಳಿಸಬೇಕಾಯಿತು. ಆಗಿನ ಅರಸು ಮಹಾದೇವ ಚಂಗಾಳ್ವ ಕಿಗ್ಗಟ್ಟುನಾಡಿನ ಪಾಲ್ಪಾರೆಯ ಕೋಟೆಗೆ ಹಿಂದೆಗೆದಿದ್ದ. ಬೆಟ್ಟರಸ ಅಲ್ಲಿಗೂ ನುಗ್ಗಿ ಅವನನ್ನು ಮುಗಿಸಿದ, ಅಲ್ಲೇ ಪಟ್ಟಣ ಕಟ್ಟಿಸಿ ಅಧಿಕಾರ ನಡೆಸತೊಡಗಿದ.

ಪೆಮ್ಮವೀರಪ್ಪ ಎದ್ದದ್ದು ಆಗ. ಅವನ ಬಲ ಚಂಗನಾಡಿನದು ಮಾತ್ರವಲ್ಲ. ಬಡಗಂಡ ನಂದಿದೇವ, ಕುರಚೆಯ ಉದಯಾದಿತ್ಯದೇವ, ಜೊತೆಗೆ ಎಲ್ಲ ನಾಡುಗಳ ಕೊಡಗರು ಅವನ ಬೆನ್ನಿಗೆ ನಿಂತರು. ಇಂಥ ಕಾಡಿನಲ್ಲಿ, ಒಂದೊಂದು ನಾಡಿಗೆ ಒಬ್ಬೊಬ್ಬ ಹಿರಿಯನಿದ್ದ ಕಾಲದಲ್ಲಿ, ಇಷ್ಟು ಜನರನ್ನು ಒಂದೇ ದಂಡಿಗೆ ತರುವುದು ಎಂಥ ಕೆಲಸ ಯೋಚಿಸು! ಸಂಬಳ ಕೊಟ್ಟು ಕರೆಸಿದ ದಂಡಾಗಿದ್ದರೆ, ತನ್ನ ಅರಸು ಸತ್ತು ಕೋಟೆ ಕೈಬಿಟ್ಟು ಹೋದವನ ಹಿಂದೆ ಯಾರು ಬರುತ್ತಿದ್ದರು? ಅವರೆಲ್ಲ ಪಾಲ್ಪಾರೆಯ ಮೇಲೆ ಬಿದ್ದಾಗ ಬೆಟ್ಟರಸ ಸೋಲುವ ಹಂತಕ್ಕೆ ಬಂದ. ಕೊನೆಗೆ ಗೆದ್ದವನು ಅವನೇ. ಆದರೂ ನನಗೆ ಆ ದಿನದ ದೊಡ್ಡ ಸೇನಾನಿ ಪೆಮ್ಮವೀರಪ್ಪನೇ.

ಅವನನ್ನು ನೆನೆದಾಗ ದೂರದ ಇನ್ನೊಬ್ಬ ಸೇನಾನಿ ನೆನಪಾಗುತ್ತಾನೆ. ಪುಟ್ಟಿ ಇಟಲಿಯ ವೆರೋನಾದಿಂದ ಕಳಿಸಿದ ಫೋಟೊ ನೆನಪಿದೆಯಲ್ಲ, ಮ್ಯೂಸಿಯಮ್ಮಿನಲ್ಲಿ ಕುದುರೆಯ ಮೇಲೆ ನಗುತ್ತ ಕೂತ ಕಲ್ಲಿನ ಸರದಾರ? ಅವನು ಆ ಊರಿನ ಒಡೆಯ ಕಾನ್‌ಗ್ರಾಂದೆ ದೆಲ್ಲಾ ಸ್ಕಾಲಾ. ವಿಚೆನ್ಜಾ, ಪಾದುವಾ ಗೆದ್ದು, 1329ರಲ್ಲಿ ತ್ರೆವಿಜೊ ಪಟ್ಟಣವನ್ನೂ ಹಿಡಿದು, ಅದರೊಳಗೆ ಕಾಲಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡ. ಊರು ಬಿಟ್ಟು ಅಲೆಯುತ್ತಿದ್ದ ಕವಿ ದಾಂತೆಗೆ ಆಸರೆ ಕೊಟ್ಟವನು ಅವನು, ಕವಿ ಅವನನ್ನು ಕಾವ್ಯದಲ್ಲೇ ಹೊಗಳಿದ. ಆದರೆ ನಮ್ಮ ಪೆಮ್ಮವೀರಪ್ಪನ ಹೆಸರನ್ನು ಉಳಿಸಿದ್ದು ಅವನನ್ನು ಸೋಲಿಸಿದ ಹೊಯ್ಸಳರ ಕಡೆಯ ಕಲ್ಲುಬರಹ. ಇದು ನನಗೆ ಬಹಳ ನೋವಿನ ಸಂಗತಿ ಅಕ್ಕ.

ಚಂಗಾಳ್ವರ ಕಡೆ ಕವಿಗಳಿರಲಿಲ್ಲ ಎಂದಲ್ಲ. ಅವರ ಮಂತ್ರಿಗಳ ವಂಶದಲ್ಲೇ ಹುಟ್ಟಿದ, ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಮೊದಲಲ್ಲಿ ‘ಸಮ್ಯಕ್ತ್ವ ಕೌಮುದಿ’, ‘ಜಯನೃಪ ಕಾವ್ಯ’ ಬರೆದ. ಅಡುಗೆಯ ಮೇಲೆ ‘ಸೂಪಶಾಸ್ತ್ರ’ವನ್ನೂ ಬರೆದ. ನಮ್ಮ ದೇವರಾಜ ಅರಸರ ಕಲ್ಲಹಳ್ಳಿಯೇ ಅದು. ಅವನು ಜಿನಕಥೆಗಳನ್ನು ಹಾಡಿದ, ರುಚಿಗಳನ್ನು ಬರೆದಿಟ್ಟ. ಪಾಲ್ಪಾರೆಯ ಕಾಳಗಕ್ಕೂ ಅವನಿಗೂ ನಡುವೆ ಮೂರು ಶತಮಾನ ಕಳೆದಿತ್ತು.

ಅಷ್ಟು ಹೊತ್ತಿಗೆ, ಹಿಂದೆ ಬಸದಿಗಳನ್ನು ಕಾಪಾಡಿದ ಚಂಗಾಳ್ವರ ಮನೆತನ ಶಿವನ ಕಡೆಗೆ ಹೊರಳಿತ್ತು. ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನ ಕುಲದೇವರಾಗಿದ್ದ. ನಂಜರಾಜ ನಂಜರಾಯಪಟ್ಟಣ ಕಟ್ಟಿದ. ಆಮೇಲೆ ಪಿರಿಯರಾಜ ಸಿಂಗಪಟ್ಟಣವನ್ನು ಹೊಸದಾಗಿ ಕಟ್ಟಿ ತನ್ನ ಹೆಸರಿಟ್ಟ, ಅದೇ ಇವತ್ತಿನ ಪಿರಿಯಾಪಟ್ಟಣ. ಮುಗಿದದ್ದು 1644-45ರ ಸುಮಾರಿಗೆ. ಮೈಸೂರಿನ ಕಂಠೀರವ ನರಸರಾಜ ಒಡೆಯರ ದಂಡು ಮುತ್ತಿದಾಗ ಕೊನೆಯ ಅರಸು ವೀರರಾಜ ತನ್ನ ಹೆಂಡಂದಿರನ್ನೂ ಮಕ್ಕಳನ್ನೂ ತಾನೇ ಕೊಂದು, ಕೋಟೆ ಕಾಯುತ್ತ ಕಾದಾಡಿ ಸತ್ತ. ಅವನ ಶೌರ್ಯವನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಆ ಮಕ್ಕಳೇ ಕಣ್ಣ ಮುಂದೆ ಬರುತ್ತಾರೆ. ಸೋತ ಮೇಲೂ ಬದುಕಿ ಮತ್ತೆ ತಲೆಯೆತ್ತುವುದನ್ನು ಆರು ಶತಮಾನ ಬಲ್ಲ ಮನೆತನ, ಕೊನೆಯಲ್ಲಿ ಒಂದು ಮಗುವನ್ನಾದರೂ ಕಾಡಿನಾಚೆ ಕೊಡಗಿಗೆ ಕಳಿಸಬಾರದಿತ್ತೇ ಅನ್ನಿಸುತ್ತದೆ.

ನಾಳೆ ಹುಣಸೂರಿನ ಮೇಲೆ ಬೆಟ್ಟದಪುರಕ್ಕೆ ಹೊರಟಿದ್ದೇವೆ. ಮೆಟ್ಟಿಲು ಬಹಳವಂತೆ, ಬೆಳಗಿನ ತಂಪಿನಲ್ಲೇ ಹತ್ತಬೇಕು. ಇದನ್ನೆಲ್ಲ ಫೋನಿನಲ್ಲಿ ಪುಟ್ಟಿಗೆ ಓದಿ ಹೇಳು. ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ