ಹೊಸ್ತಿಲ ದೀಪ

ಮನೆಯನ್ನು ಕಟ್ಟಿಸುವವನು ತನ್ನ ಕಾಲಕ್ಕೆ ಬೇಕಾದುದನ್ನು ಎಣಿಸಿ ಕಟ್ಟಿಸುತ್ತಾನೆ. ಅದರಲ್ಲಿ ಬಾಳುವವರಾದರೋ ಅವನು ಎಣಿಸದಿದ್ದ ಕಾಲಗಳಲ್ಲಿ ಬಾಳಬೇಕಾಗುತ್ತದೆ. ಬಿಸಿಲಿಗೂ ಕಳ್ಳರಿಗೂ ಅಂಜಿ ಹಿರಿಯರು ಎಬ್ಬಿಸಿದ ದಪ್ಪ ಗೋಡೆಯೇ ಮುಂದೊಂದು ದಿನ ಮೊಮ್ಮಕ್ಕಳ ವಿದ್ಯೆಗೆ ಅಡ್ಡವಾಗಿ ನಿಂತೀತೆಂದು ಯಾರು ತಾನೆ ಊಹಿಸಿದ್ದರು? ಹಾಗೆ ಅಡ್ಡವಾದ ಗೋಡೆಯ ಮತ್ತು ಅದನ್ನು ಹಾದುಹೋದ ತಂತಿಯ ವೃತ್ತಾಂತವಿದು.

ಮಂಡ್ಯ ಜಿಲ್ಲೆಯ ಒಂದು ಗ್ರಾಮದಲ್ಲಿ ಹಳೆಯ ಕಾಲದ ತೊಟ್ಟಿಯ ಮನೆಯೊಂದುಂಟು. ಅದರ ಗೋಡೆಗಳು ಮಣ್ಣಿನವು. ಒಂದೊಂದೂ ಎರಡು ಅಡಿ ದಪ್ಪ. ಅಂಚೆಯ ಇಲಾಖೆಯಲ್ಲಿ ದುಡಿದು ವಿಶ್ರಾಂತರಾದ ಹಿರಿಯರೊಬ್ಬರು ಪಶ್ಚಿಮದ ಭಾಗದಲ್ಲಿಯೂ, ಅವರ ತಮ್ಮನು ಪೂರ್ವದ ಭಾಗದಲ್ಲಿಯೂ ವಾಸವಾಗಿದ್ದಾರೆ. 2009ರಲ್ಲಿ ಪಾಲಾದಾಗ ತೊಟ್ಟಿಯ ನಡುವೆ ಗೋಡೆ ಎದ್ದಿತು. ನಡುಮನೆಯಿಂದ ಪೂರ್ವಕ್ಕೆ ಹೋಗುತ್ತಿದ್ದ ಬಾಗಿಲನ್ನು ತೆಗೆದು ಇಟ್ಟಿಗೆ ತುಂಬಿದರು. ಹೊಸ್ತಿಲನ್ನು ಕಿತ್ತರೆ ಗೋಡೆ ಜಗ್ಗೀತೆಂದು ಗಾರೆಯವನು ಹೇಳಿದುದರಿಂದ ಅದೊಂದು ಮಾತ್ರ ಇದ್ದಲ್ಲಿಯೇ ಉಳಿಯಿತು. ಮೀಟರುಗಳು ಎರಡಾದುವು; ಅಣ್ಣತಮ್ಮಂದಿರಲ್ಲಿ ಮಾತು ನಿಂತಿತು.

2020ರ ಮಾರ್ಚಿಯಲ್ಲಿ ಶಾಲೆ ಕಾಲೇಜುಗಳೆಲ್ಲ ಮುಚ್ಚಿದಾಗ ಹಿರಿಯರ ಮಗನು ಸಂಸಾರದೊಡನೆ ಊರಿಗೆ ಬಂದನು. ಮೊಮ್ಮಗಳು ಪದವಿಯ ಕೊನೆಯ ಮೆಟ್ಟಿಲಿನಲ್ಲಿದ್ದಳು. ಮನೆಗೆ ಅಂತರ್ಜಾಲದ ಸಂಪರ್ಕವನ್ನು ತರಿಸಿದುದಾಯಿತು. ರೌಟರು ಜಗಲಿಯ ಕೋಣೆಯಲ್ಲಿ ನೆಲೆಗೊಂಡಿತು. ಅಲ್ಲಿ ತಂದೆಯು ಕಚೇರಿಯ ಕೆಲಸಕ್ಕೆ ಕುಳಿತನಾಗಿ, ಮಗಳಿಗೆ ದೊರೆತುದು ಹಿತ್ತಿಲ ಕಡೆಯ ಕೋಣೆ. ನಡುವೆ ಮೂರು ಗೋಡೆಗಳು. ವೈಫೈಯ ಅಲೆಗಳು ಮೊದಲನೆಯ ಗೋಡೆಯಲ್ಲಿ ಬಳಲಿ, ಎರಡನೆಯದರಲ್ಲಿ ತೆವಳಿ, ಮೂರನೆಯದರಲ್ಲಿ ಮಡಿದುವು. ಅಧ್ಯಾಪಕರ ಮಾತು ಅರ್ಧಕ್ಕೆ ತುಂಡಾಗುವುದು. ಹೆಸರು ಕೂಗಿದಾಗ ಅವಳ ಉತ್ತರವು ಅವರಿಗೆ ಮುಟ್ಟದೆ ಗೈರುಹಾಜರಿ ಬೀಳುವುದು. ಪರೀಕ್ಷೆ ಸಮೀಪಿಸುತ್ತಿದ್ದಿತು.

ಆಗ ಆಕೆ ತರಿಸಿದುದು ಅಂಗೈಯಗಲದ ಎರಡು ಯಂತ್ರಗಳನ್ನು. ಒಂದನ್ನು ರೌಟರಿನ ಬಳಿಯ ಪ್ಲಗ್ಗಿಗೆ ಸಿಕ್ಕಿಸಿ, ರೌಟರಿನಿಂದ ಅದಕ್ಕೊಂದು ತಂತಿ ಕೊಡುವುದು. ಇನ್ನೊಂದನ್ನು ದೂರದ ಕೋಣೆಯ ಪ್ಲಗ್ಗಿಗೆ ಸಿಕ್ಕಿಸುವುದು. ನಡುವೆ ಹೊಸ ತಂತಿಯೇನೂ ಬೇಡ. ಗೋಡೆಗಳಲ್ಲಿ ದೀಪಕ್ಕೂ ಫ್ಯಾನಿಗೂ ಎಳೆದ ತಂತಿಯೇ ಅಂತರ್ಜಾಲವನ್ನೂ ಹೊತ್ತೊಯ್ಯುವುದೆಂದು ಆಕೆ ವಿವರಿಸಿದಳು.

“ಮಗೂ, ಕರೆಂಟಿನ ಜೊತೆಯಲ್ಲಿ ಪಾಠವನ್ನು ಕಳುಹಿಸುವುದೆಂದರೆ ಎರಡೂ ಬೆರೆತು ಹೋಗದೆ?” ಎಂದು ಹಿರಿಯರು ಕೇಳಿದರು.

“ಬೆರೆಯುವುದಿಲ್ಲ ತಾತ. ಎರಡರ ನಡಿಗೆ ಬೇರೆ ಬೇರೆ,” ಎಂದಳು ಮೊಮ್ಮಗಳು.

ಆಕೆಯ ಈ ಒಂದು ಮಾತಿನಲ್ಲಿಯೇ ಆ ವಿದ್ಯೆಯ ತಿರುಳಿದೆ. ನಮ್ಮ ಮನೆಗಳಿಗೆ ಬರುವ 230 ವೋಲ್ಟಿನ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. 2005ರಲ್ಲಿ ಸಿದ್ಧವಾದ ಹೋಂಪ್ಲಗ್ ಎವಿ ಎಂಬ ಕ್ರಮದಲ್ಲಿ ಈ ಯಂತ್ರಗಳು ಅದೇ ತಂತಿಯ ಮೇಲೆ ಸೆಕೆಂಡಿಗೆ 20 ಲಕ್ಷದಿಂದ 2 ಕೋಟಿ 80 ಲಕ್ಷದವರೆಗೆ ಆವರ್ತಿಸುವ ಅತಿ ಕ್ಷೀಣವಾದ ಅಲೆಗಳನ್ನು ಏರಿಸುತ್ತವೆ. ರಥಬೀದಿಯಲ್ಲಿ ತೇರು ಮೆಲ್ಲನೆ ಸಾಗುತ್ತಿರುವಾಗ ಅದರ ಸುತ್ತ ಗುಬ್ಬಿಗಳು ಹಾರಾಡಿದರೆ ತೇರಿಗೂ ತಡೆಯಿಲ್ಲ, ಗುಬ್ಬಿಗಳಿಗೂ ಅಪಾಯವಿಲ್ಲ. ಆ ಕೊನೆಯಲ್ಲಿರುವ ಯಂತ್ರದೊಳಗಿನ ಕೆಪಾಸಿಟರು ನಿಧಾನದ ಪ್ರವಾಹವನ್ನು ತಡೆದು, ವೇಗದ ಅಲೆಗಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಹಂಸಕ್ಷೀರನ್ಯಾಯವೆಂದು ಹಿಂದಿನವರು ಹೇಳಿದುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ದೊರೆಯಲಾರದು. ಹೊಸ್ತಿಲಿನ ಮೇಲಿಟ್ಟ ಒಂದೇ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದಕ್ಕೆ ಶಾಸ್ತ್ರಕಾರರು ದೇಹಲೀದೀಪನ್ಯಾಯವೆಂದು ಹೆಸರಿಟ್ಟಿದ್ದಾರಷ್ಟೆ. ಒಂದೇ ತಂತಿಯಿಂದ ದೀಪವೂ ಪಾಠವೂ ನಡೆಯುವುದು ಆ ಜಾತಿಗೇ ಸೇರಿದುದು.

ಈ ಉಪಾಯವು ಒಂದು ದಿನದಲ್ಲಿ ಹುಟ್ಟಿದುದಲ್ಲ. ಹೋಂಪ್ಲಗ್ ಎಂಬ ಹೆಸರಿನಲ್ಲಿ ಹಲವು ಸಂಸ್ಥೆಗಳು ಕೂಡಿದುದು 2000ದಲ್ಲಿ. ಮರುವರ್ಷ ಹೊರಬಂದ ಮೊದಲನೆಯ ಕ್ರಮಕ್ಕೆ ಸೆಕೆಂಡಿಗೆ 14 ಮೆಗಾಬಿಟ್ಟಿನ ವೇಗವನ್ನು ಹೇಳಿದ್ದರು. 2005ರ ಕ್ರಮಕ್ಕೆ ಹೇಳಿದುದು 200. ವಿದ್ಯುತ್ತಂತಿಯ ಮೂಲಕ ಸುದ್ದಿ ಸಾಗಿಸುವುದಕ್ಕೆ 2010ರಲ್ಲಿ ಐಇಇಇ 1901 ಎಂಬ ಅಂತರರಾಷ್ಟ್ರೀಯ ನಿಯಮವೂ ಏರ್ಪಟ್ಟಿತು. ಆದರೆ ಡಬ್ಬಿಯ ಮೇಲೆ ಬರೆದ ಅಂಕಿ ಬೇರೆ, ಮನೆಯಲ್ಲಿ ಕೈಗೆ ಸಿಕ್ಕುವುದು ಬೇರೆ. ಈ ಮನೆಗೆ ಬಂದ ಡಬ್ಬಿಯ ಮೇಲೆ 600 ಎಂದಿದ್ದಿತು. ಮೊಮ್ಮಗಳು ಅಳೆದು ನೋಡಿದಾಗ ದೊರೆತುದು 38. ಪಾಠಕ್ಕೆ ಅಷ್ಟು ಧಾರಾಳವಾಗಿ ಸಾಕಾಗಿದ್ದಿತು.

ಅದೂ ಮೊದಲನೆಯ ಯತ್ನಕ್ಕೆ ದೊರೆಯಲಿಲ್ಲ. ಅವಳು ಯಂತ್ರವನ್ನು ಮೊದಲು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದಳು. ಮಿಂಚು ಹೊಡೆದಾಗ ಗಣಕಯಂತ್ರವನ್ನು ಕಾಯಲೆಂದು ಆ ಬೋರ್ಡಿನಲ್ಲಿ ಅಳವಡಿಸಿದ್ದ ಸಾಧನವು ಈ ವೇಗದ ಅಲೆಗಳನ್ನೂ ಶತ್ರುವೆಂದೇ ಬಗೆದು ನುಂಗಿಬಿಟ್ಟಿತು. ಗೋಡೆಯ ಪ್ಲಗ್ಗಿಗೇ ನೇರವಾಗಿ ಸಿಕ್ಕಿಸಿದ ಬಳಿಕ ಹಸಿರು ದೀಪ ಹತ್ತಿತು. ಮುಂದೆ ಬೇರೊಂದು ಸಂಗತಿ ತಿಳಿದುಬಂದಿತು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದೊಡನೆ ಅಧ್ಯಾಪಕರ ಮುಖವು ಪರದೆಯ ಮೇಲೆ ಕಲ್ಲಾಗುವುದು! ಅದರ ಮೋಟಾರಿನಿಂದ ಹೊರಡುವ ವಿದ್ಯುತ್ತಿನ ಗದ್ದಲವು ಅದೇ ತಂತಿಗೆ ನುಗ್ಗುವುದೇ ಇದಕ್ಕೆ ಕಾರಣ. ಅಗ್ಗದ ಚಾರ್ಜರುಗಳೂ ಕೆಲವು ಎಲ್‌ಇಡಿ ದೀಪಗಳೂ ಇಂತಹ ಉಪದ್ರವವನ್ನು ಕೊಡಬಲ್ಲುವು. ಅಂದಿನಿಂದ ಆ ಮನೆಯಲ್ಲಿ ಚಟ್ನಿಯನ್ನು ಹತ್ತು ಗಂಟೆಗೆ ಮುಂಚೆಯೇ ರುಬ್ಬುವುದೆಂದು ಕಟ್ಟಳೆಯಾಯಿತು. ಕರೆಂಟು ಹೋದರೆ ಮಾತ್ರ ದೀಪದೊಡನೆ ಪಾಠವೂ ಆರುವುದು, ಅದಕ್ಕೆ ಉಪಾಯವಿರಲಿಲ್ಲ.

ಮೊಮ್ಮಗಳ ತೊಂದರೆ ಹೀಗೆ ತೀರಿತು. ಆಷಾಢದ ಒಂದು ಬೆಳಗ್ಗೆ ಹಿರಿಯರು ಹಿತ್ತಿಲಿಗೆ ಹೋದವರು ಗೋಡೆಯಾಚೆ ತಲೆಯೆತ್ತಿ ನೋಡಿದರು. ತಮ್ಮನ ಮೊಮ್ಮಗನು, ಹತ್ತನೆಯ ತರಗತಿಯ ಹುಡುಗ, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ನಿಂತಿದ್ದನು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು. ಮಳೆ ಜಿನುಗುತ್ತಿದ್ದಿತು. ಸಂಪರ್ಕವು ಸಿಕ್ಕುತ್ತಿದ್ದುದು ಅಲ್ಲಿ ಮಾತ್ರ. ಹುಡುಗನು ಆ ಕಟ್ಟೆಯ ಮೇಲೆ ನಿಂತೇ ಗಣಿತದ ಪಾಠ ಕೇಳುತ್ತಿದ್ದನು. ಹಿರಿಯರು ಒಳಗೆ ಬಂದವರು ಅಂದು ಊಟದ ಹೊತ್ತಿನಲ್ಲಿ ಮಾತಾಡಲಿಲ್ಲ. ಸಂಜೆ ಮೊಮ್ಮಗಳನ್ನು ಕರೆದು, “ಅಂತಹ ಯಂತ್ರ ಇನ್ನೊಂದನ್ನು ತರಿಸು,” ಎಂದರು.

ದೊಡ್ಡವರ ಮುನಿಸು ಮಕ್ಕಳಿಗೆ ಇಳಿದಿರಲಿಲ್ಲ. ಮೂರನೆಯ ಯಂತ್ರವು ಬಂದ ದಿನವೇ ಮೊಮ್ಮಗಳು ಬೀದಿಯಿಂದ ಸುತ್ತಿಹೋಗಿ ಅದನ್ನು ಆ ಮನೆಯ ಗೋಡೆಗೆ ಸಿಕ್ಕಿಸಿ ನೋಡಿದಳು. ಹಸಿರು ದೀಪ ಹತ್ತಲಿಲ್ಲ. ಊರಿನ ವೈರ್‌ಮನ್ನನು ಬಂದು ಕಾರಣವನ್ನು ಬಿಡಿಸಿ ಹೇಳಿದನು: ಪಾಲಾದಾಗ ಪೂರ್ವದ ಮನೆಗೆ ಬೀದಿಯ ಕಂಬದಿಂದ ಬೇರೊಂದು ಫೇಸಿನ ತಂತಿಯನ್ನು ಎಳೆದಿದ್ದರು. ಒಂದು ಫೇಸಿನಿಂದ ಮತ್ತೊಂದಕ್ಕೆ, ಅದೂ ಎರಡು ಮೀಟರುಗಳನ್ನು ಹಾದು ಕಂಬದವರೆಗೆ ಹೋಗಿ ಹಿಂದಿರುಗುವಷ್ಟರಲ್ಲಿ, ಆ ಕ್ಷೀಣವಾದ ಅಲೆಗಳಲ್ಲಿ ತ್ರಾಣವೇ ಉಳಿಯುತ್ತಿರಲಿಲ್ಲ.

ದೊಡ್ಡ ದೊಡ್ಡವರೇ ಈ ಸೋಲನ್ನು ಕಂಡವರು. ಬೀದಿಯ ವಿದ್ಯುತ್ತಂತಿಗಳ ಮೂಲಕವೇ ಮನೆಮನೆಗೆ ಅಂತರ್ಜಾಲವನ್ನು ಹಂಚುವೆವೆಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರಾಂತದಲ್ಲಿ ನಾರ್ವೆಬ್ ಮತ್ತು ನಾರ್ಟೆಲ್ ಸಂಸ್ಥೆಗಳು 1997ರಲ್ಲಿ ಸಾರಿದುವು. ಬೀದಿಯ ತಂತಿಗಳೂ ದೀಪದ ಕಂಬಗಳೂ ಆ ಅಲೆಗಳನ್ನು ಆಕಾಶಕ್ಕೆ ಚೆಲ್ಲಿ ರೇಡಿಯೋ ಕೇಳುವವರಿಗೆ ತೊಡಕಾಗುವುದೆಂಬ ಆಕ್ಷೇಪವೂ ಬಂದಿತು. 1999ರಲ್ಲಿ ಆ ಕಾರ್ಯವನ್ನು ಕೈಬಿಟ್ಟರು. ಒಂದು ಮನೆಯ ಒಳಗೆ ಗೆದ್ದ ವಿದ್ಯೆಯು ಬೀದಿಗೆ ಇಳಿದಾಗ ನಿಲ್ಲಲಾರದೆ ಹೋಯಿತು. ಯಂತ್ರದ ಮಟ್ಟಿಗೆ ಆ ತೊಟ್ಟಿಯ ಮನೆಯು ಈಗ ಒಂದು ಮನೆಯಲ್ಲ. ಪಾಲುಪತ್ರದಲ್ಲಿ ಬರೆದುದನ್ನು ಅಲೆಗಳೂ ಒಪ್ಪಿಕೊಂಡಿದ್ದುವು.

ಇನ್ನುಳಿದುದು ಒಂದೇ ದಾರಿ. ನಡುಮನೆಯ ಪ್ಲಗ್ಗಿಗೆ ಆ ಮೂರನೆಯ ಯಂತ್ರವನ್ನು ಸಿಕ್ಕಿಸಿ, ಅದರಿಂದ ಒಂದು ತಂತಿಯನ್ನು ಗೋಡೆಯೊಳಗೆ ಹಾಯಿಸಿ ಆಚೆಗೆ ಕೊಡಬೇಕು. ಗೋಡೆಯು ಇಬ್ಬರಿಗೂ ಸೇರಿದುದು. ಕೇಳದೆ ರಂಧ್ರ ಕೊರೆಯುವಂತಿಲ್ಲ. ಕೇಳುವ ಕೆಲಸಕ್ಕೆ ಮೊಮ್ಮಗಳನ್ನು ಕಳುಹಿಸಬಹುದಾಗಿತ್ತು. ಹಿರಿಯರು ಎರಡು ದಿನ ಯೋಚಿಸಿದರು. ಮೂರನೆಯ ದಿನ ಹೆಗಲ ಮೇಲೆ ವಲ್ಲಿಯನ್ನು ಹೊದ್ದು ಬೀದಿಗಿಳಿದು, ಹನ್ನೊಂದು ವರ್ಷಗಳ ಮೇಲೆ ತಮ್ಮನ ಜಗಲಿಯನ್ನು ಹತ್ತಿದರು.

“ಹುಡುಗನ ಪಾಠಕ್ಕೆ ಒಂದು ತಂತಿ ಹಾಯಿಸಬೇಕಾಗಿದೆ. ನಡುಮನೆಯ ಗೋಡೆಗೆ ಬೆರಳುದ್ದಗಲದ ರಂಧ್ರ ಕೊರೆಯಬೇಕು. ನಿನ್ನ ಒಪ್ಪಿಗೆ ಬೇಕಾಗಿತ್ತು,” ಎಂದರು.

ತಮ್ಮನು ಬಹಳ ಹೊತ್ತು ನೆಲವನ್ನು ನೋಡುತ್ತಿದ್ದು, “ಗಟ್ಟಿ ಗೋಡೆಗೆ ಏಕೆ ಕೊರೆಸುತ್ತೀ ಅಣ್ಣ? ಹಳೆಯ ಬಾಗಿಲಿದ್ದ ಕಡೆ ಕೊರೆಸು. ಅಲ್ಲಿ ಬರಿಯ ಇಟ್ಟಿಗೆ,” ಎಂದನು. ಬಳಿಕ ಒಳಗೆ ನೋಡಿ ಕಾಫಿಗೆ ಹೇಳಿದನು.

ಹೊಸ್ತಿಲಿಗೆ ಒಂದು ಗೇಣು ಮೇಲೆ ವೈರ್‌ಮನ್ನನು ರಂಧ್ರವನ್ನು ಕೊರೆದನು. ಈಚೆಯಿಂದ ಮೊಮ್ಮಗಳು ತಂತಿಯನ್ನು ನೂಕಿದಳು. ಆಚೆಯಿಂದ ಹುಡುಗನು ಎಳೆದುಕೊಂಡನು. ಮರುದಿನದಿಂದ ನೀರಿನ ತೊಟ್ಟಿಯ ಕಟ್ಟೆ ಬರಿದಾಯಿತು. ಮೊಮ್ಮಗಳು ಪದವಿಯನ್ನು ಮುಗಿಸಿದಳು. ಹುಡುಗನು ಮುಂದಿನ ವರ್ಷ ಹತ್ತನೆಯ ತರಗತಿಯನ್ನು ದಾಟಿದನು.

ಇಷ್ಟರಿಂದ ಅಣ್ಣತಮ್ಮಂದಿರು ಮತ್ತೆ ಒಂದಾದರೆಂದು ಹೇಳಿದರೆ ಅದು ಕಥೆಯಾದೀತು. ಮೀಟರುಗಳು ಇಂದಿಗೂ ಎರಡೇ, ಗೋಡೆಯೂ ನಿಂತಿದೆ, ಗದ್ದೆಯ ಕಾಲುವೆಯ ವ್ಯಾಜ್ಯವು ತೀರ್ಮಾನವಾಗಿಲ್ಲ. ಆದರೆ ಅಂತರ್ಜಾಲ ನಿಂತ ದಿನ ತಮ್ಮನು ಇಟ್ಟಿಗೆಯನ್ನು ತಟ್ಟಿ, “ಅಣ್ಣಾ, ನಿಮ್ಮ ಕಡೆ ದೀಪ ಹತ್ತಿದೆಯೆ?” ಎಂದು ಕೇಳುತ್ತಾನೆ. ಹಿರಿಯರು ಕನ್ನಡಕವನ್ನು ಏರಿಸಿಕೊಂಡು ಪ್ಲಗ್ಗಿನ ಬಳಿ ಬಗ್ಗಿ ನೋಡಿ ಉತ್ತರ ಹೇಳುತ್ತಾರೆ.