ಫೇರ್

ನಾವು ಇಂಗ್ಲಿಷ್ ಕಲಿಯಲು ಶುರುಮಾಡಿದ್ದು ಐದನೇ ತರಗತಿಯಲ್ಲಿ. ಉರ್ದು ಶಾಲೆಯ ಮೇಷ್ಟ್ರು ಎರಡು ನೋಟುಬುಕ್ಕು ತರಲು ಹೇಳಿದರು. ಒಂದು ರಫ್, ಇನ್ನೊಂದು ಫೇರ್. ರಫ್‌ನಲ್ಲಿ ಗೀಚಬಹುದು, ಹೊಡೆದುಹಾಕಬಹುದು. ಫೇರ್‌ನಲ್ಲಿ ಒಂದು ಚಿತ್ತೂ ಕೂಡದು. ಫೇರ್ ಎಂದರೆ ತಪ್ಪಿಲ್ಲದ್ದು ಎಂದು ನಾವು ತಿಳಿದುಕೊಂಡೆವು. ಆ ವರ್ಷದ ಪ್ರೋಗ್ರೆಸ್ ಕಾರ್ಡಿನಲ್ಲಿ ಇಂಗ್ಲಿಷಿನ ಎದುರು ಮೇಷ್ಟ್ರು 'ಫೇರ್' ಎಂದು ಬರೆದಾಗ ಹಿಗ್ಗಿಹೋದೆವು. ಅದು 'ಗುಡ್' ಬಾರದವರಿಗೆ ಕೊಡುವ ಮಾತು, 'ಸುಮಾರು' ಎಂದರ್ಥ ಎಂದು ಆಪಾ ಹೇಳಿದಾಗ ಮುಖ ಸಣ್ಣದಾಯಿತು.

ಮುಂದೆ ಕನ್ನಡ ಹೈಸ್ಕೂಲು ಸೇರಿದೆವು. ಸೀಮೆಎಣ್ಣೆ ಕ್ಯಾನು ಹಿಡಿದು ರೇಷನ್ ಸಾಲಿನಲ್ಲಿ ನಿಂತಾಗಲೆಲ್ಲ ಬೋರ್ಡು ಓದುವುದೇ ಕೆಲಸ. ಮೇಲೆ 'ನ್ಯಾಯಬೆಲೆ ಅಂಗಡಿ', ಕೆಳಗೆ ಇಂಗ್ಲಿಷಿನಲ್ಲಿ 'ಫೇರ್ ಪ್ರೈಸ್ ಶಾಪ್'. ಹಾಗಾದರೆ ಫೇರ್ ಎಂದರೆ ನ್ಯಾಯ! ನಮಗೆ ಆ ಪದದ ಮೇಲೆ ಮತ್ತೆ ಗೌರವ ಬಂತು.

ಮೂರನೆಯ ಅರ್ಥ ತಿಳಿದದ್ದು ನಮ್ಮ ಮನೆಯ ನಡುಮನೆಯಲ್ಲಿ. ಆಪಾ ನಮಗಿಂತ ಆರು ವರ್ಷ ದೊಡ್ಡವಳು. ಅವಳನ್ನು ನೋಡಲು ಬಂದವರು ಚಹಾ ಕುಡಿದು, ಸಮೋಸ ತಿಂದು, "ಬಚ್ಚಿ ಅಚ್ಛೀ ಹೈ, ಲೇಕಿನ್..." ಎಂದು ಎದ್ದುಹೋಗುತ್ತಿದ್ದರು. ಆ ವಾಕ್ಯವನ್ನು ಯಾರೂ ಪೂರ್ತಿ ಮಾಡಲಿಲ್ಲ, ಮಾಡಬೇಕಾದ ಅಗತ್ಯವೂ ಇರಲಿಲ್ಲ. ಪಕ್ಕದ ಮನೆಯವರು ಸಮಾಧಾನ ಹೇಳುತ್ತಿದ್ದರು: "ಕಪ್ಪಾದರೂ ಲಕ್ಷಣವಾಗಿದ್ದಾಳೆ." ಆ 'ಆದರೂ' ಈ 'ಲೇಕಿನ್'ನ ಒಡಹುಟ್ಟೇ. ಅಮ್ಮಿ ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸುತ್ತಿದ್ದಳು. ಪತ್ರಿಕೆಯ ವಧುವರರ ಕಾಲಮ್ಮಿನಲ್ಲಿ ಓದಿಗಿಂತ, ಗುಣಕ್ಕಿಂತ ಮೊದಲು 'ಫೇರ್' ಕುಳಿತಿರುತ್ತಿತ್ತು.

ಆಮೇಲೆ ನಿಘಂಟು ತೆರೆದೆವು. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಚೆಲುವಾದದ್ದು ಎಂದರ್ಥವಂತೆ. ಕಾಲಕ್ರಮದಲ್ಲಿ ತಿಳಿಯಾದ ಆಕಾಶ, ಬಿಳಿಯ ಮೈಬಣ್ಣ, ಪಕ್ಷಪಾತವಿಲ್ಲದ ತೀರ್ಪು ಎಲ್ಲವೂ ಅದರೊಳಗೆ ಸೇರಿಕೊಂಡವು. ಚೆಲುವು, ಬಿಳುಪು, ನ್ಯಾಯ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಇಂಗ್ಲಿಷರನ್ನು ಬೈಯಬೇಕೆನಿಸಿತು. ಆದರೆ ಬೈಯುವ ಬಾಯಿ ಸುಮ್ಮನಾಯಿತು. ನಮ್ಮ ಉರ್ದುವಿನಲ್ಲಿ 'ಸಾಫ್' ಇಲ್ಲವೇ? ಮನಸ್ಸು ಸಾಫ್, ಲೆಕ್ಕ ಸಾಫ್, ಬರವಣಿಗೆ ಸಾಫ್, ಕೊನೆಗೆ ಮೈಬಣ್ಣವೂ ಸಾಫ್. ಬೆಳ್ಳಗಿಲ್ಲದ ಮೈ ತೊಳೆಯದ ಮೈ ಎಂಬಂತೆ! ಮೊದಲ ಅಜಾನ್ ಕೊಟ್ಟ ಹಜರತ್ ಬಿಲಾಲ್ ಕಪ್ಪು ವರ್ಣದವರೆಂದು ಮಿಲಾದಿನ ಸಭೆಯಲ್ಲಿ ಹೆಮ್ಮೆಯಿಂದ ಹೇಳುವವರು ನಾವು. ಹೆಣ್ಣು ನೋಡಲು ಹೊರಟಾಗ ಆ ಹೆಮ್ಮೆಯನ್ನು ಮನೆಯಲ್ಲೇ ಬಿಟ್ಟುಹೋಗುತ್ತೇವೆ.

ಇದನ್ನೆಲ್ಲ ಹೇಳಲು ನಮಗೆ ಹಕ್ಕಿದೆಯೇ? ಒಂದು ಘಟನೆ ಹೇಳಿಬಿಡುತ್ತೇವೆ.

ನಾವು ಕಥೆ ಬರೆಯತೊಡಗಿದ ಕಾಲ. ಹಾಳೆಯ ಒಂದೇ ಮಗ್ಗುಲಲ್ಲಿ ಅಂದವಾಗಿ ಬರೆದು ಕಳಿಸಬೇಕೆಂಬುದು ಪತ್ರಿಕೆಗಳ ನಿಯಮ. ನಮ್ಮದೋ ಕಾಗೆಕಾಲು ಗುಬ್ಬಿಕಾಲು. ಅಡುಗೆಮನೆಯ ಕೆಲಸ ಮುಗಿಸಿ, ರಾತ್ರಿ ಕುಳಿತು ಫೇರ್ ಕಾಪಿ ಮಾಡಿಕೊಡುತ್ತಿದ್ದವಳು ಆಪಾ. ಅವಳ ಅಕ್ಷರ ಮುತ್ತು ಪೋಣಿಸಿದಂತೆ. ಒಂದು ಕಥೆ ಅಚ್ಚಾಗಿ ಬಂದಾಗ ನೋಡುತ್ತೇವೆ, ನಾವು ಬರೆದಿದ್ದ 'ಹಾಲುಬಣ್ಣದ ಹುಡುಗಿ' ಬರೀ 'ಹುಡುಗಿ'ಯಾಗಿದ್ದಳು. ಸಂಪಾದಕರು ಕತ್ತರಿ ಹಾಕಿದರೆಂದು ಕೂಗಾಡಿದೆವು.

ಆಪಾ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಅವರಲ್ಲ, ನಾನೇ ಬಿಟ್ಟೆ. ನಿನ್ನ ಐದು ಕಥೆ ಫೇರ್ ಮಾಡಿದ್ದೇನೆ. ಐದರಲ್ಲೂ ಒಳ್ಳೆಯವಳು ಬೆಳ್ಳಗೇ ಇದ್ದಾಳೆ."

ನಾವು ಹಳೆಯ ರಫ್ ಹಾಳೆಗಳನ್ನು ತೆಗೆದು ನೋಡಿದೆವು. ಅವಳ ಮಾತು ನಿಜ. ಜಗಳಗಂಟಿ ಅತ್ತೆ, ಚಾಡಿಕೋರ ನಾದಿನಿ ಎಲ್ಲರೂ ಕಪ್ಪು. ನಡುಮನೆಯಲ್ಲಿ 'ಲೇಕಿನ್' ಎಂದವರ ಮೇಲೆ ಹಲ್ಲು ಕಡಿದಿದ್ದ ನಾವು ಅದೇ 'ಲೇಕಿನ್' ಅನ್ನು ಕಥೆಯಲ್ಲಿ ಬರೆದು, ಅವಳ ಕೈಯಿಂದಲೇ ಅಂದವಾಗಿ ನಕಲು ಮಾಡಿಸಿದ್ದೆವು.

1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಹಾಕಿಕೊಂಡಿತು. ಪದ ಬಿಡುವುದು ಸುಲಭ. ಆಪಾಗೆ ತಡವಾಗಿಯಾದರೂ ಮದುವೆಯಾಯಿತು. ಈಗ ಅವಳ ಮಗಳಿಗೆ ಸಂಬಂಧ ಬರುತ್ತಿವೆ. ಮೊನ್ನೆ ನಾವು ಅಲ್ಲಿದ್ದಾಗಲೇ ಒಬ್ಬಾಕೆ ಫೋನಿನಲ್ಲಿ ಕೇಳಿದರು, "ಹುಡುಗಿ ಫೇರಾ?"

"ಹೂಂ, ಬಹಳ ಫೇರ್," ಎಂದಳು ಆಪಾ. "ಯಾರಿಗೂ ಅನ್ಯಾಯ ಮಾಡುವವಳಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಈಗ ನಾವು ಬರೆಯುವುದು ಕಂಪ್ಯೂಟರಿನಲ್ಲಿ. ಫೇರ್ ಕಾಪಿಯ ಕಾಲ ಮುಗಿಯಿತು. ಆದರೂ ಕಥೆ ಬರೆದು ಮುಗಿದ ಮೇಲೆ, ಕಳಿಸುವ ಮೊದಲು, ಆಪಾಗೆ ಒಮ್ಮೆ ಓದಿ ಹೇಳುತ್ತೇವೆ.