ಎದುರಿನ ಕುರ್ಚಿ

ಮನುಷ್ಯನಿಗೆ ಅರುವತ್ತು ತುಂಬುವುದು ಒಂದೇ ಸಲವಾದರೂ ನನಗೆ ಎರಡು ಸಲ ತುಂಬಿತು. ನನ್ನ ವಯಸ್ಸಿನ ಅನೇಕರಂತೆ ನನಗೂ ಶಾಲೆಗೆ ಸೇರಿಸುವಾಗ ಬರೆಯಿಸಿದ ಜನ್ಮದಿನವೊಂದು, ತಾಯಿ ಹೆತ್ತ ದಿನ ಇನ್ನೊಂದು. ದಾಖಲೆಯ ಲೆಕ್ಕದಂತೆ 2025ರ ಜೂನ್ ತಿಂಗಳಲ್ಲಿ ಹಾರ ಹಾಕಿಸಿಕೊಂಡು, ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಮನೆಗೆ ಬಂದೆನು. ಪಂಚಾಂಗದ ಲೆಕ್ಕವಾದರೋ ಕಾರ್ತಿಕ ಮಾಸದವರೆಗೆ ಕಾಯಿತು.

ನಾನು ಹುಟ್ಟಿದುದು 1965ರ ಯುಗಾದಿಗೆ ತೊಡಗಿದ ವಿಶ್ವಾವಸು ಸಂವತ್ಸರದಲ್ಲಿ. ಪ್ರಭವಾದಿ ಅರುವತ್ತು ಸಂವತ್ಸರಗಳ ಚಕ್ರವು ಒಂದು ಸುತ್ತು ತಿರುಗಿ, 2025ರ ಯುಗಾದಿಗೆ ಅದೇ ವಿಶ್ವಾವಸು ಮರಳಿ ಬಂದಿತು. ಇಷ್ಟರಲ್ಲಿ ಗುರುವು ರಾಶಿಚಕ್ರವನ್ನು ಸುಮಾರು ಐದು ಸಲವೂ, ಶನಿಯು ಸುಮಾರು ಎರಡು ಸಲವೂ ಸುತ್ತಿ, ಹೊರಟ ಎಡೆಯ ಸಮೀಪಕ್ಕೆ ಬರುತ್ತಾರೆ. ಗ್ರಹಗಳಿಗೆ ಆ ಸೌಕರ್ಯವುಂಟು.

ಜನ್ಮದಿನದ ಹಿಂದಿನ ಸಂಜೆ ನಾನು ಬಸವನಗುಡಿಯ ನಮ್ಮ ಬೀದಿಯ ಮೂಲೆಯ ಹೋಟಲಿಗೆ ಒಬ್ಬನೇ ಹೋದೆನು. ಅಂದು ಬೆಳಗ್ಗೆ ಮಗಳು ಮೈಸೂರಿನಿಂದ ದೂರವಾಣಿಯಲ್ಲಿ, "ಅಪ್ಪಾ, ನಾಳೆ ನಾವೆಲ್ಲರೂ ಬರುತ್ತೇವೆ" ಎಂದಿದ್ದಳು. "ಬೇಡಮ್ಮ, ಸುಮ್ಮನೆ ನಿಮಗೆ ತೊಂದರೆ" ಎಂದುಬಿಟ್ಟಿದ್ದೆನು. ಷಷ್ಟ್ಯಬ್ದಪೂರ್ತಿಯ ಶಾಂತಿಯಲ್ಲಿ ಪಕ್ಕದ ಮಣೆಯ ಮೇಲೆ ಪತ್ನಿಯು ಕುಳಿತಿರಬೇಕು. ನನ್ನ ಪಕ್ಕದ ಮಣೆ ಬರಿದಾಗಿ ಮೂರು ವರ್ಷಗಳಾಗಿದ್ದುವು. ಆದಕಾರಣ ಶಾಂತಿ ಬೇಡ, ಶಾಂತಿಯಿಲ್ಲದ ಮೇಲೆ ಬಂಧುಗಳೂ ಬೇಡ ಎಂಬುದು ನನ್ನ ತರ್ಕವಾಗಿತ್ತು.

ಮಸಾಲೆ ದೋಸೆ ಬೇಕೆಂದು ಹೇಳಿ ಕುಳಿತೆನು. ದೋಸೆ ತಿನ್ನಲು ಸಂಸ್ಕೃತ ಪಂಡಿತನು ಸಂಕೋಚಪಡಬೇಕಾಗಿಲ್ಲ. 12ನೆಯ ಶತಮಾನದಲ್ಲಿಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ 'ಧೋಸಕ'ಕ್ಕೆ ಸ್ಥಾನ ಕೊಟ್ಟಿದ್ದಾನೆ. ತಟ್ಟೆ ಬಂದೊಡನೆ ಅಭ್ಯಾಸಬಲದಿಂದ ಪರಿಷೇಚನೆಗೆಂದು ಅಂಗೈಗೆ ನೀರು ತೆಗೆದುಕೊಂಡೆನು. ಪಕ್ಕದವರು ನೋಡಿಯಾರೆಂದು ಅದನ್ನು ಮೆಲ್ಲನೆ ಕುಡಿದುಬಿಟ್ಟೆನು. ಅಷ್ಟರಲ್ಲಿ ಮಾಣಿಯು ಬಂದು, "ಇನ್ನೇನು ಕೊಡಲಿ, ಸ್ವಾಮಿ?" ಎಂದನು.

ದಿನಕ್ಕೆ ನೂರಾರು ಸಲ ಅವನು ಆಡುವ ಮಾತು ಅದು. ಆದರೂ ನನ್ನ ಕೈ ತಟ್ಟೆಯಲ್ಲಿಯೇ ನಿಂತಿತು.

ಇದೇ ಹೋಟಲಿನ ಮುಂದೆ ನನ್ನ ಹೆಂಡತಿ ಎರಡು ಬಾರಿ ನಿಂತಿದ್ದಳು. ಮೊದಲನೆಯ ಸಲ ದೊಡ್ಡ ಗಣಪತಿಯ ದರ್ಶನ ಮುಗಿಸಿ ಬರುವಾಗ, "ಒಂದು ದೋಸೆ ತಿಂದು ಹೋಗೋಣವೇ?" ಎಂದು ಕೇಳಿದಳು. "ನಿನ್ನ ಕೈಯ ದೋಸೆಗೆ ಇದು ಸಮವೇ? ಮನೆಯಲ್ಲಿ ಇಲ್ಲದ್ದು ಇಲ್ಲೇನಿದೆ?" ಎಂದೆನು. ಅದನ್ನು ಹೊಗಳಿಕೆಯೆಂದೇ ನಾನು ತಿಳಿದಿದ್ದೆನು. ಎರಡನೆಯ ಸಲ ಅವಳು ಕೇಳಲಿಲ್ಲ; ಒಂದು ಗಳಿಗೆ ಒಳಗೆ ನೋಡಿ, ಮುಂದೆ ನಡೆದಳು. "ಇನ್ನೇನು ಬಡಿಸಲಿ?" ಎಂದು ಮೂವತ್ತೆರಡು ವರ್ಷ ಅವಳು ನಮ್ಮೆಲ್ಲರನ್ನೂ ಕೇಳಿದಳು. ಅವಳನ್ನು ಹಾಗೆ ಕೇಳಿದವರು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಕುಳಿತಲ್ಲಿಗೆ ತಾನಾಗಿ ಬರುವ ಒಂದು ತಟ್ಟೆಯನ್ನು ಅವಳು ಅಂದು ಬಯಸಿದ್ದಳೆಂದು ತಿಳಿಯಲು ನನಗೆ ಅರುವತ್ತು ವರ್ಷ ಬೇಕಾಯಿತು.

ಒಬ್ಬನೇ ಉಣ್ಣುವುದರ ಪಾಪವನ್ನು ಋಗ್ವೇದದ ಹತ್ತನೆಯ ಮಂಡಲದ 117ನೆಯ ಸೂಕ್ತವು ಹೇಳುತ್ತದೆ. ತರಗತಿಯಲ್ಲಿ ಅದನ್ನು ವಿವರಿಸುವಾಗಲೆಲ್ಲ ನಾನು ಯಾವನೋ ಜಿಪುಣ ಧನಿಕನನ್ನು ಉದಾಹರಿಸುತ್ತಿದ್ದೆನು. ನಾವು ಪಂಕ್ತಿಯಲ್ಲಿ ಉಂಡೆದ್ದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದವಳು ಅವಳು. ಆ ದೋಷವು ಅವಳ ಲೆಕ್ಕಕ್ಕೆ ಸೇರುವುದಿಲ್ಲ. ನನ್ನ ಲೆಕ್ಕಕ್ಕೆ ಸೇರುತ್ತದೆ.

"ಸಾರ್, ಇಲ್ಲಿ ಯಾರಾದರೂ ಬರುವವರಿದ್ದಾರೆಯೇ?"

ಎದುರಿನ ಕುರ್ಚಿಯ ಮೇಲೆ ಕೈಯಿಟ್ಟು ಒಬ್ಬ ಯುವಕನು ನಿಂತಿದ್ದನು. ಮನೆಮನೆಗೆ ಊಟ ತಲುಪಿಸುವ ಕೆಲಸದವನೆಂದು ಬೆನ್ನಿನ ದೊಡ್ಡ ಚೀಲವೇ ಹೇಳುತ್ತಿತ್ತು. ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. "ಇಲ್ಲಪ್ಪ, ಕುಳಿತುಕೊ" ಎಂದೆನು. ಅವನು ಎರಡು ಇಡ್ಲಿಗಳನ್ನು ಅವಸರದಿಂದ ತಿಂದನು. ವೈದ್ಯರು ನನಗೆ ಅರ್ಧ ಲೋಟ ಕಾಫಿಯನ್ನು ಮಾತ್ರ ಅನುಗ್ರಹಿಸಿರುವುದರಿಂದ, "ಬೈ ಟೂ ಹೇಳೋಣವೇ?" ಎಂದು ಕೇಳಿದೆನು. ಅವನು ನಕ್ಕು ತಲೆಯಾಡಿಸಿದನು. ಕೂಡಿ ಉಣ್ಣುವುದಕ್ಕೆ 'ಸಗ್ಧಿ' ಎಂದೂ, ಕೂಡಿ ಕುಡಿಯುವುದಕ್ಕೆ 'ಸಪೀತಿ' ಎಂದೂ ಅಮರಕೋಶದಲ್ಲಿ ಬೇರೆ ಬೇರೆ ಪದಗಳೇ ಇವೆ. ಎಷ್ಟೋ ಮಕ್ಕಳಿಗೆ ಅವನ್ನು ಕಂಠಪಾಠ ಮಾಡಿಸಿದ್ದೆನು. ಅವುಗಳ ಅರ್ಥವನ್ನು ನನಗೆ ಆ ಸಂಜೆ ಆ ಹುಡುಗನು ಹೇಳಿಕೊಟ್ಟನು.

ಹೊರಗೆ ಬಂದು ಮಗಳನ್ನು ಕರೆದು, "ನಾಳೆ ಎಲ್ಲರೂ ಬನ್ನಿ. ಮನೆಯಲ್ಲಿ ಒಲೆ ಹೊತ್ತಿಸುವುದು ಬೇಡ. ಮೂಲೆಯ ಹೋಟಲಿನಲ್ಲಿ ದೋಸೆ ತಿನ್ನೋಣ. ನಿಮ್ಮಮ್ಮನನ್ನು ನಾನು ಒಂದು ಸಲವೂ ಅಲ್ಲಿಗೆ ಕರೆದೊಯ್ಯಲಿಲ್ಲ" ಎಂದೆನು.

ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, "ಅಪ್ಪಾ, ಬೇಸರಪಡಬೇಡಿ. ನೀವು ಶಾಲೆಗೆ ಹೋದಾಗ ನಾನು ಅಮ್ಮನನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನಿಮಗೆ ಹೇಳಬೇಡ ಎಂದಿದ್ದಳು" ಎಂದಳು.

"ಎಲ್ಲಿ ಕುಳಿತಿದ್ದಿರಿ?"

"ಕಿಟಕಿಯ ಪಕ್ಕದಲ್ಲಿ."

"ಹಾಗಾದರೆ ನಾಳೆ ಬೇಗ ಬನ್ನಿ" ಎಂದೆನು. "ಆ ಜಾಗ ಬೇಗ ತುಂಬಿಬಿಡುತ್ತದೆ."